ಹಳೆಯ ಕಾರ್ಡಿನ ಪರವಾಗಿ

ಗ್ರಾಫಿಕ್ಸ್ ಕಾರ್ಡನ್ನು ಬದಲಿಸಬೇಕೆ ಎಂಬ ಪ್ರಶ್ನೆಗೆ ಪೇಟೆಯಲ್ಲಿ ಇರುವುದು ಒಂದೇ ಉತ್ತರ: ಬದಲಿಸಿ. ಯಾವುದಕ್ಕೆ, ಎಷ್ಟು ಕೊಟ್ಟು ಎಂಬುದಷ್ಟೇ ಅಲ್ಲಿನ ಚರ್ಚೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯವನು, ದೆಹಲಿಯ ನೆಹರೂ ಪ್ಲೇಸಿನ ಮಳಿಗೆಯವನು, ಚೆನ್ನೈನ ರಿಚಿ ಸ್ಟ್ರೀಟಿನ ವ್ಯಾಪಾರಿ, ಪೆಟ್ಟಿಗೆ ಬಿಚ್ಚುತ್ತಲೇ ತೀರ್ಪು ಕೊಡುವ ವಿಡಿಯೊ ವಿಮರ್ಶಕ, ಎಲ್ಲರದೂ ಒಂದೇ ರಾಗ. ಇದಕ್ಕೆ ಎದುರಾಗಿ ಮನೆಯ ಹಿರಿಯರದು ಇನ್ನೊಂದು ರಾಗ: ಆಡುವುದಕ್ಕೆ ಮೂವತ್ತು ಸಾವಿರವೆ? ತಲೆ ಕೆಟ್ಟಿದೆಯೆ? ಈ ಎರಡು ಗದ್ದಲಗಳ ನಡುವೆ ಯೋಚನೆಯೆಂಬುದಕ್ಕೆ ಎಡೆಯೇ ಉಳಿದಿಲ್ಲ. ಈ ಬರಹ ಎರಡೂ ಪಕ್ಷಗಳ ವಿರುದ್ಧ. ನನ್ನ ವಾದ ಮೂರು ಮಾತಿನದು. ಬಹುಪಾಲು ಮನೆಗಳಲ್ಲಿ ಹಳೆಯ ಕಾರ್ಡಿಗೆ ಇನ್ನೂ ಆಯುಸ್ಸಿದೆ. ಬದಲಿಸಲೇಬೇಕಾಗಿ ಬಂದಾಗಲೂ ಪೇಟೆ ಕೈಗೆ ಕೊಡುವ ಅಳತೆಗೋಲಿನಿಂದ ಅಳೆಯಬಾರದು. ಮತ್ತು ಈ ಲೆಕ್ಕಾಚಾರ ಸಾಹಿತ್ಯದ ಬಳಗವೊಂದರಲ್ಲಿ ನಡೆಯತಕ್ಕ ಚರ್ಚೆಯೇ ಹೌದು.

ಕೊನೆಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. 'ಅಪ್‌ಗ್ರೇಡ್' ಎಂಬ ಇಂಗ್ಲಿಷ್ ಪದವನ್ನು ನಮ್ಮ ಕಚೇರಿಗನ್ನಡ 'ಮೇಲ್ದರ್ಜೆಗೇರಿಸುವುದು' ಎಂದು ಕರೆಯುತ್ತದೆ. ಶಾಲೆ, ಆಸ್ಪತ್ರೆ, ರಸ್ತೆ, ಎಲ್ಲವೂ ಮೇಲ್ದರ್ಜೆಗೇರುತ್ತವೆ. ಈ ಪದವನ್ನು ಒಪ್ಪಿಕೊಂಡ ಗಳಿಗೆಯಲ್ಲೇ ಅರ್ಧ ವಾದ ಸೋತಂತೆ. ಏಕೆಂದರೆ ಕೈಯಲ್ಲಿರುವುದು ಕೆಳದರ್ಜೆಯದು ಎಂಬ ತೀರ್ಪು ಪದದ ಹೊಟ್ಟೆಯಲ್ಲೇ ಇದೆ. ನಮ್ಮ ಮನೆಮಾತಿನಲ್ಲಿ ವಸ್ತುಗಳ ಜೊತೆ ನಡೆಸುವ ಸಂಸಾರಕ್ಕೆ ಬೇರೆ ಕ್ರಿಯಾಪದಗಳಿದ್ದವು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರು. ಸವೆದ ಬೀಸುಕಲ್ಲಿಗೆ ಉಳಿ ಹೊಡೆಸುತ್ತಿದ್ದರು. ಗಂಟುಕಟ್ಟಿದ ಹಾಸಿಗೆಯ ಅರಳೆ ಹಿಂಜಿಸುತ್ತಿದ್ದರು. ಎಸೆಯುವುದು ಮತ್ತು ಹಾಗೆಯೇ ಇಟ್ಟುಕೊಳ್ಳುವುದು, ಇವೆರಡರ ನಡುವೆ ಒಂದು ವಿಶಾಲವಾದ ವಿವೇಕವಿತ್ತು. ಪೇಟೆಯ ನಿಘಂಟಿನಲ್ಲಿ ಆ ನಡುವಣ ಪದಗಳಿಲ್ಲ.

ಹೊರನಾಡಿನ ನಾವು ಹಬ್ಬ ಮಾಡುವುದು ಕನ್ನಡದಲ್ಲಿ, ಹಾಡುವುದು ಕನ್ನಡದಲ್ಲಿ, ಊರನ್ನು ನೆನೆಯುವುದು ಕನ್ನಡದಲ್ಲಿ. ತಿಂಗಳ ಸಂಬಳದ ದೊಡ್ಡ ತುಂಡೊಂದನ್ನು ಖರ್ಚು ಮಾಡುವ ತೀರ್ಮಾನವನ್ನು ಮಾತ್ರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ತೆಗೆದುಕೊಳ್ಳುತ್ತೇವೆ. ಹೀಗೆ ಭಾಷೆಯ ಪಾಲಿಗೆ ಭಾವನೆ ಮಾತ್ರ ಉಳಿದು ವಿವೇಚನೆ ಕೈತಪ್ಪಿದರೆ, ಆ ಭಾಷೆ ದೇವರ ಕೋಣೆಯ ಬೆಳ್ಳಿ ಬಟ್ಟಲಾಗುತ್ತದೆ, ಅಡುಗೆಮನೆಗೆ ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನಂಥ ವಸ್ತುವಿನ ಬಗ್ಗೆ ಕನ್ನಡದಲ್ಲಿ ವಾದಿಸಿ ನೋಡಬೇಕೆಂಬ ನನ್ನ ಹಟಕ್ಕೆ ಇದೇ ಕಾರಣ.

ಮಾತು ಗಾಳಿಯಲ್ಲಿ ತೇಲದಿರಲಿ. ಒಂದು ಯಂತ್ರವನ್ನು ಎದುರಿಗಿಟ್ಟುಕೊಳ್ಳೋಣ. ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 1060 ಕಾರ್ಡು 2016ರ ಜುಲೈನಲ್ಲಿ ಬಂತು. 6 ಜಿಬಿ ಮೆಮೊರಿ, 120 ವ್ಯಾಟ್ ವಿದ್ಯುತ್ತು. ಆಟಗಳನ್ನು ಮಾರುವ ಸ್ಟೀಮ್ ತಾಣದ ಯಂತ್ರ ಸಮೀಕ್ಷೆಯಲ್ಲಿ ಅದು ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿತ್ತು. ನಮ್ಮ ನಗರಗಳ ಎಷ್ಟೋ ಮನೆಗಳ ಮೇಜಿನಡಿಯಲ್ಲಿ ಅದು ಇಂದಿಗೂ ಇದೆ. ಎದುರಿಗೆ 1920 ಗುಣಿಸು 1080 ಚುಕ್ಕಿಗಳ, 60 ಹರ್ಟ್ಸಿನ ಸಾಧಾರಣ ಮಾನಿಟರ್ ಇದೆ. ಈ ಯಂತ್ರದಲ್ಲಿ ಆಟ ತಡವರಿಸತೊಡಗಿದೆ ಎಂದಿಟ್ಟುಕೊಳ್ಳಿ. ಕೂಡಲೇ ಕಾರ್ಡು ಬದಲಿಸಬೇಕೆ?

ತಡವರಿಕೆಗೆ ಕಾರಣ ಕಾರ್ಡೇ ಎಂದು ಸಾಬೀತಾಗುವವರೆಗೆ ಬೇಡ. ಕ್ಯಾಬಿನೆಟ್ಟಿನೊಳಗೆ ವರ್ಷಗಳ ಧೂಳು ಕೂತಿರಬಹುದು. ಚಿಪ್ಪಿಗೂ ಅದರ ತಂಪುಪಟ್ಟಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿ, ಬಿಸಿಯೇರಿದ ಕಾರ್ಡು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತಿರಬಹುದು. ಎರಡು ರ‍್ಯಾಮ್ ಪಟ್ಟಿಗಳಿರಬೇಕಾದಲ್ಲಿ ಒಂದೇ ಇರಬಹುದು. ಆಟ ಇನ್ನೂ ಹಳೆಯ ಹಾರ್ಡ್ ಡಿಸ್ಕಿನಿಂದಲೇ ಓಡುತ್ತಿರಬಹುದು. ಪ್ರೊಸೆಸರ್ ಏದುಸಿರು ಬಿಡುತ್ತಿರಬಹುದು. ಇದನ್ನು ತಿಳಿಯಲು ಪಂಡಿತರು ಬೇಕಿಲ್ಲ. ಆಟದ ರೆಸಲ್ಯೂಶನ್ ಇಳಿಸಿ ನೋಡಿ. ವೇಗ ಜಿಗಿದರೆ ಹೊರೆ ಕಾರ್ಡಿನ ಮೇಲಿತ್ತು. ಕದಲದಿದ್ದರೆ ಹೊರೆ ಬೇರೆಡೆ ಇದೆ, ಹೆಚ್ಚಿನ ಸಲ ಪ್ರೊಸೆಸರಿನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆಯನ್ನು ಕಂಪ್ಯೂಟರ್ ಅಂಗಡಿಗಳ ಗೋಡೆಯ ಮೇಲೆ ಬರೆಸಬೇಕು. ಧೂಳು ಕೊಡವಿ, ಕೆಲವು ನೂರು ರೂಪಾಯಿಯ ಪೇಸ್ಟ್ ಬಳಿಸಿ, ನೆರಳಿನ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದರೆ ಮುಗಿಯುವ ಕೆಲಸಕ್ಕೆ ಮೂವತ್ತು ಸಾವಿರ ಸುರಿಯುವವರಿದ್ದಾರೆ. ಕಾರ್ಡಿಗೂ ಕಲಾಯಿ ಉಂಟು ಎಂಬುದನ್ನು ಅವರಿಗೆ ಯಾರೂ ಹೇಳಿಲ್ಲ.

ಇನ್ನು ಪೇಟೆಯ ಅಳತೆಗೋಲನ್ನು ನೋಡೋಣ. ಸೆಕೆಂಡಿಗೆ ಎಷ್ಟು ಚಿತ್ರಗಳು, ಅಂದರೆ ಎಷ್ಟು ಫ್ರೇಮುಗಳು, ಎಂಬುದೇ ಇಲ್ಲಿ ಜಾತಿ, ಇದೇ ಗೋತ್ರ. 30 ಫ್ರೇಮಿನಲ್ಲಿ ಒಂದು ಚಿತ್ರಕ್ಕೆ ತಗಲುವ ಕಾಲ 33 ಮಿಲಿಸೆಕೆಂಡು, 60ರಲ್ಲಿ ಸುಮಾರು 17, 120ರಲ್ಲಿ 8ಕ್ಕಿಂತ ತುಸು ಹೆಚ್ಚು, 240ರಲ್ಲಿ 4ರಷ್ಟು. ಮೊದಲ ದುಪ್ಪಟ್ಟಿನಲ್ಲಿ 16 ಮಿಲಿಸೆಕೆಂಡಿಗೂ ಹೆಚ್ಚು ಉಳಿಯಿತು. ಅದು ಕಣ್ಣಿಗೆ ಕಾಣುತ್ತದೆ, ಕೈಗೆ ತಿಳಿಯುತ್ತದೆ. ಕೊನೆಯ ದುಪ್ಪಟ್ಟಿನಲ್ಲಿ ಉಳಿದದ್ದು 4. ಅಂಕಿ ಬೆಳೆದಂತೆ ಸುಖ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಬೆಲೆ ಮಾತ್ರ ಬೆಳೆಯುತ್ತದೆ. 60 ಹರ್ಟ್ಸಿನ ಮಾನಿಟರ್ ಸೆಕೆಂಡಿಗೆ 60 ಸಲವಷ್ಟೇ ಪರದೆಯನ್ನು ಹೊಸದಾಗಿ ಬರೆಯಬಲ್ಲದು. ಅದಕ್ಕೆ 150 ಫ್ರೇಮು ಉಣಿಸುವ ಕಾರ್ಡು ತರುವುದು ಪಾವಿನ ಪಾತ್ರೆಗೆ ಕೊಳಗದ ಹಾಲು ಸುರಿದಂತೆ. ಸ್ಪರ್ಧೆಗಾಗಿ ಆಡುವವರಿಗೆ ಕೆಲವು ಮಿಲಿಸೆಕೆಂಡೂ ದೊಡ್ಡದು, ಒಪ್ಪೋಣ. ಆದರೆ ಊಟವಾದ ಮೇಲೆ ಒಂದು ಗಂಟೆ ಆಡುವ ಮನೆಯವರಿಗೆ ಸ್ಪರ್ಧಾಳುವಿನ ಔಷಧವನ್ನು ಬರೆದುಕೊಡುವುದು ಯಾವ ವೈದ್ಯ?

ಈಚೆಗೆ ಅಳತೆಗೋಲಿಗೇ ಗಾಳಿ ತುಂಬಲಾಗಿದೆ. 2025ರ ಜನವರಿಯಲ್ಲಿ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ಅವರು 549 ಡಾಲರಿನ ಆರ್‌ಟಿಎಕ್ಸ್ 5070 ಕಾರ್ಡು, 2022ರಲ್ಲಿ 1,599 ಡಾಲರಿಗೆ ಬಂದ 4090ರ ಸಾಮರ್ಥ್ಯ ಕೊಡುತ್ತದೆಂದು ವೇದಿಕೆಯ ಮೇಲೆ ಸಾರಿದರು. ಈ ಸಮೀಕರಣದ ಗುಟ್ಟು ಫ್ರೇಮ್ ಜನರೇಷನ್ ಎಂಬ ತಂತ್ರ. ಕಾರ್ಡು ಎರಡು ನಿಜವಾದ ಚಿತ್ರಗಳನ್ನು ಬರೆಯುತ್ತದೆ. ಅವುಗಳ ನಡುವಿನ ಚಿತ್ರಗಳನ್ನು ಕೃತಕ ಬುದ್ಧಿಮತ್ತೆ ಊಹಿಸಿ ತುಂಬುತ್ತದೆ. ಹೊಸ ಪೀಳಿಗೆಯ ಕಾರ್ಡುಗಳಲ್ಲಿ ನಾಲ್ಕರಲ್ಲಿ ಮೂರು ಚಿತ್ರಗಳು ಊಹೆಯವಾಗಿರಬಹುದು. ಎರಡನೆಯ ನಿಜಚಿತ್ರ ಸಿದ್ಧವಾಗುವ ತನಕ ನಡುವಿನದನ್ನು ಊಹಿಸಲಾಗದು. ಆದ್ದರಿಂದ ಆ ಚಿತ್ರವನ್ನು ತಡೆಹಿಡಿಯಲೇಬೇಕು. ಹೀಗಾಗಿ ಪರದೆ ನುಣುಪಾಗಿ ಓಡುತ್ತದೆ, ಗುಂಡಿ ಒತ್ತಿದ ಬೆರಳಿಗೆ ಮರುಮಾತು ಬರುವ ವೇಗ ಮಾತ್ರ ಹೆಚ್ಚುವುದಿಲ್ಲ. ಕವಿ ಬರೆದ ಒಂದೊಂದು ಸಾಲಿನ ನಡುವೆ ವ್ಯಾಖ್ಯಾನಕಾರ ಮೂರು ಮೂರು ಸಾಲು ಹೊಸೆದು, ಕಾವ್ಯ ನಾಲ್ಕು ಪಟ್ಟು ಬೆಳೆಯಿತೆಂದು ಘೋಷಿಸಿದರೆ ನಮ್ಮ ಬಳಗದಲ್ಲಿ ಯಾರಾದರೂ ಚಪ್ಪಾಳೆ ತಟ್ಟುತ್ತಾರೆಯೆ? ತಂತ್ರವನ್ನು ನಾನು ಹಳಿಯುತ್ತಿಲ್ಲ. ಮೂಲದಲ್ಲೇ ವೇಗವಿದ್ದಾಗ ಅದು ಚೆನ್ನಾಗಿ ನಡೆಯುತ್ತದೆ. ನನ್ನ ತಕರಾರು ಊಹೆಯ ಚಿತ್ರವನ್ನು ನಿಜಚಿತ್ರದ ಕಂಬಸಾಲಿನಲ್ಲಿ ಕೂಡಿಸಿ ತೋರಿಸುವ ಲೆಕ್ಕದ ಮೇಲೆ. ಯಾವ ಕಚೇರಿಯ ಲೆಕ್ಕ ತಪಾಸಣೆಯಲ್ಲೂ ಅದು ಪಾಸಾಗದು.

ಎರಡನೆಯ ವಂಚನೆ ಹೆಸರಿನದು. 2021ರಲ್ಲಿ ಬಂದ ಆರ್‌ಟಿಎಕ್ಸ್ 3060 ಕಾರ್ಡಿನಲ್ಲಿ 12 ಜಿಬಿ ಮೆಮೊರಿ ಇತ್ತು. ಆ ಮೆಮೊರಿಯ ದಾರಿಯ ಅಗಲ 192 ಬಿಟ್. 2023ರಲ್ಲಿ ಅದರ ಉತ್ತರಾಧಿಕಾರಿಯಾಗಿ ಬಂದ 4060ರಲ್ಲಿ ಮೆಮೊರಿ 8 ಜಿಬಿಗೆ ಇಳಿಯಿತು, ದಾರಿ 128 ಬಿಟ್ಟಿಗೆ ಕಿರಿದಾಯಿತು. ಬೆಲೆ 329 ಡಾಲರಿನಿಂದ 299ಕ್ಕೆ ಬಂತು, ವಿದ್ಯುತ್ತೂ ಉಳಿಯಿತು, ಚಿಪ್ಪಿನೊಳಗಿನ ಸಂಗ್ರಹ ಹೆಚ್ಚಿತು, ಇವೆಲ್ಲ ನಿಜ. ಆದರೂ ಹೆಸರಿನ ಅಂಕಿ ಏರಿ ಒಳಗಿನ ಹೂರಣ ಇಳಿಯಿತೆಂಬುದು ಅಷ್ಟೇ ನಿಜ. 2025ರ 5060ರಲ್ಲೂ 8 ಜಿಬಿಯೇ. ಹೊಸ ಆಟಗಳ ಚಿತ್ರಪಟಗಳು ಈ 8 ಜಿಬಿಯನ್ನು ತುಂಬಿ ಹೊರಚೆಲ್ಲಿದಾಗ ಕಾರ್ಡು ಮದರ್‌ಬೋರ್ಡಿನ ದಾರಿಯಾಗಿ ರ‍್ಯಾಮಿನ ಬಾಗಿಲು ತಟ್ಟಬೇಕು. 4060ರ ಸ್ವಂತ ಮೆಮೊರಿ ಸೆಕೆಂಡಿಗೆ 272 ಜಿಬಿ ಸಾಗಿಸುತ್ತದೆ. ಆದರೆ ಅದು ಎಂಟೇ ಓಣಿಗಳ ಕಾರ್ಡು. 1060ರ ಕಾಲದ ಮದರ್‌ಬೋರ್ಡಿನಲ್ಲಿ ಆ ಹೊರದಾರಿ ಸೆಕೆಂಡಿಗೆ 8 ಜಿಬಿಯಷ್ಟೇ ಸಾಗಿಸಬಲ್ಲದು. ಹೆದ್ದಾರಿಯಿಂದ ಗದ್ದೆಯ ಬದುವಿಗೆ ಇಳಿದಂತೆ. ಹಳೆಯ ಯಂತ್ರವನ್ನು ಉದ್ಧರಿಸಲೆಂದು ಕೊಂಡ ಕಾರ್ಡು ಹಳೆಯ ಯಂತ್ರದಲ್ಲೇ ಹೆಚ್ಚು ಎಡವುತ್ತದೆ. ಇದು ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಇರುವುದಿಲ್ಲ.

ಹೆಸರಿನ ಆಟ ಹೊಸದೇನೂ ಅಲ್ಲ. ನಾವು ಎದುರಿಗಿಟ್ಟುಕೊಂಡ 1060ರಲ್ಲೇ 3 ಜಿಬಿಯದೊಂದು, 6 ಜಿಬಿಯದೊಂದು ಇದ್ದವು. ವ್ಯತ್ಯಾಸ ಮೆಮೊರಿಯದಷ್ಟೇ ಎಂದು ಹೆಸರು ಹೇಳುತ್ತಿತ್ತು, ಆದರೆ ಚಿಪ್ಪಿನ ಗಣಕಘಟಕಗಳೂ 1280ರಿಂದ 1152ಕ್ಕೆ ಇಳಿದಿದ್ದವು. 2014ರ ಜಿಟಿಎಕ್ಸ್ 970ರ 4 ಜಿಬಿಯಲ್ಲಿ ಕೊನೆಯ ಅರ್ಧ ಜಿಬಿ ಕುಂಟುತ್ತಿತ್ತೆಂಬುದು ಬಯಲಾಗಿ, 2016ರಲ್ಲಿ ಅಮೆರಿಕದ ಗ್ರಾಹಕರಿಗೆ ಕಾರ್ಡಿಗೆ 30 ಡಾಲರಿನಂತೆ ಕೊಡಲು ಕಂಪನಿ ಒಪ್ಪಿಕೊಂಡಿತು. ಪ್ರತಿಸ್ಪರ್ಧಿ ಎಎಂಡಿಯೂ ಈ ವಿದ್ಯೆಯಲ್ಲಿ ಹಿಂದಿಲ್ಲ; ಅದರ ಆರ್‌ಎಕ್ಸ್ 9060 ಎಕ್ಸ್‌ಟಿ ಒಂದೇ ಹೆಸರಿನಲ್ಲಿ 8 ಜಿಬಿಯಾಗಿಯೂ 16 ಜಿಬಿಯಾಗಿಯೂ ಬಿಕರಿಯಾಗುತ್ತದೆ.

ಕಂಪನಿಗಳು ಹೀಗೇಕೆ ಮಾಡುತ್ತವೆ? ಎನ್‌ವಿಡಿಯಾದ ಖಾತೆಯೇ ಉತ್ತರ ಕೊಡುತ್ತದೆ. 2025ರ ಜನವರಿಗೆ ಮುಗಿದ ಹಣಕಾಸು ವರ್ಷದಲ್ಲಿ ಅದರ ವರಮಾನ ಸುಮಾರು 130 ಶತಕೋಟಿ ಡಾಲರು. ಅದರಲ್ಲಿ ಡೇಟಾ ಸೆಂಟರುಗಳಿಂದ ಬಂದದ್ದು ಸುಮಾರು 115, ಆಟಗಾರರಿಂದ ಬಂದದ್ದು ಸುಮಾರು 11. ಅಂಗಡಿಯ ದೊಡ್ಡ ಗಿರಾಕಿ ಬದಲಾಗಿದ್ದಾನೆ. ಮೆಮೊರಿ ಚಿಪ್ಪುಗಳೂ ಆ ಗಿರಾಕಿಯ ಕಡೆಗೇ ಹರಿಯುತ್ತಿವೆ. ನಾವು ಈಗ ಜಗಲಿಯ ಮೇಲೆ ಕಾಯುವ ಗಿರಾಕಿಗಳು. ಈ ಕಂಪನಿಯ ವಿನ್ಯಾಸ ಕೇಂದ್ರಗಳು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿವೆ. ಅಲ್ಲಿ ದುಡಿಯುವ ನಮ್ಮವರ ಜಾಣ್ಮೆಯ ಬಗ್ಗೆ ಹೆಮ್ಮೆಯಿರಲಿ. ಆ ಹೆಮ್ಮೆಗಾಗಿ ಕಡಿಮೆ ಮಾಲಿಗೆ ಹೆಚ್ಚು ಬೆಲೆ ತೆರಬೇಕೆಂದೇನೂ ಇಲ್ಲ.

ಹಾಗಾದರೆ ಎಂದೂ ಬದಲಿಸಬಾರದೆ? ನಾನು ಹಾಗೆ ಹೇಳುತ್ತಿಲ್ಲ. 1060ಕ್ಕೆ ಹೊಸ ಆಟಗಳಿಗಾಗಿ ಸಿದ್ಧಪಡಿಸುವ ಡ್ರೈವರ್‌ಗಳು 2025ರ ಅಕ್ಟೋಬರಿಗೆ ನಿಂತವು. ಇನ್ನು 2028ರವರೆಗೆ ಭದ್ರತೆಯ ತೇಪೆಗಳು ಮಾತ್ರ. 2024ರ ಇಂಡಿಯಾನಾ ಜೋನ್ಸ್, 2025ರ ಡೂಮ್ ಆಟಗಳು ಬೆಳಕಿನ ಕಿರಣಗಳನ್ನು ಲೆಕ್ಕಹಾಕುವ ಯಂತ್ರಾಂಗವಿಲ್ಲದ ಕಾರ್ಡಿನಲ್ಲಿ ನಡೆಯುವಂತೆ ರೂಪುಗೊಂಡವಲ್ಲ. ನೀವು ಆಡಬೇಕೆಂದಿರುವುದು ಅಂಥ ಆಟವೇ ಆಗಿದ್ದರೆ ಹಳೆಯ ಕಾರ್ಡು ನಿವೃತ್ತಿಗೆ ಅರ್ಹ. ಆದರೆ ಆ ಆಟ ನಿಮ್ಮದಾಗಿರಬೇಕು; ವಿಮರ್ಶಕನ ಪಟ್ಟಿಯದಲ್ಲ. ಮುಂದೆಂದಾದರೂ ಬೇಕಾದೀತು ಎಂಬುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ವಾದ. ಮೂರು ವರ್ಷದ ಮೇಲೆ ಬೇಕಾಗುವ ಬಲವನ್ನು ಇಂದೇ ಕೊಂಡರೆ, ಮೂರು ವರ್ಷ ಅದು ನಿಮ್ಮ ಮನೆಯಲ್ಲಿ ಬಡ್ಡಿಯಿಲ್ಲದ ಠೇವಣಿಯಾಗಿ ಮುದಿಯಾಗುತ್ತದೆ.

ಬದಲಿಸುವುದೇ ತೀರ್ಮಾನವಾದರೆ ಹೇಗೆ? ಇಲ್ಲಿ ನಾನು ಎಲ್ಲರೂ ನಗುವ ಒಂದು ಸಂಸ್ಥೆಯ ಪರವಾಗಿ ನಿಲ್ಲುತ್ತೇನೆ: ಸರಕಾರಿ ಕಡತ. ಕೇಂದ್ರ ಸರಕಾರದ ನೌಕರನಾಗಿ ನಾನು ಬಲ್ಲ 2017ರ ಸಾಮಾನ್ಯ ಹಣಕಾಸು ನಿಯಮಾವಳಿ, ಖರೀದಿಗೆ ಮುನ್ನ ವಸ್ತುವಿನ ಗುಣಲಕ್ಷಣವನ್ನು ಅಗತ್ಯಕ್ಕೆ ತಕ್ಕಂತೆ ಬರೆಯಬೇಕು, ಅನಾವಶ್ಯಕ ಖರ್ಚಿಗೆ ದಾರಿಯಾಗುವ ಹೆಚ್ಚುವರಿ ಸೌಲಭ್ಯಗಳನ್ನು ಸೇರಿಸಬಾರದು ಎನ್ನುತ್ತದೆ. ಕಡತವನ್ನು ಬೈಯುವ ನಾವು ಮನೆಯ ದುಡ್ಡಿಗೆ ಇಷ್ಟು ಶಿಸ್ತನ್ನೂ ತೋರುವುದಿಲ್ಲ. ಒಂದು ಹಾಳೆಯಲ್ಲಿ ಟಿಪ್ಪಣಿ ಬರೆಯಿರಿ. ಹಳೆಯ ಕಾರ್ಡಿನಿಂದ ಆಗದ ಕೆಲಸ ಯಾವುದು, ಆಟದ ಹೆಸರು ಸಹಿತ. ಮಾನಿಟರ್ ಯಾವುದು. ಪ್ರೊಸೆಸರ್ ಹೊಸ ಕಾರ್ಡಿಗೆ ಸಮವಾಗಿ ಓಡಬಲ್ಲದೆ. ಎಸ್‌ಎಂಪಿಎಸ್ ಎಷ್ಟು ವ್ಯಾಟಿನದು, ಅದರ ವಯಸ್ಸೆಷ್ಟು, ಕಾರ್ಡು ಕೇಳುವ ಪಿನ್ನುಗಳು ಅದರಲ್ಲಿವೆಯೆ. ಕ್ಯಾಬಿನೆಟ್ಟಿನ ಒಳಗಿನ ಉದ್ದವೆಷ್ಟು. ಕೊನೆಗೆ, ಕಂಪನಿಯ ಹೆಸರಿಲ್ಲದೆ, ಬೇಕಾದ ವಸ್ತುವಿನ ಲಕ್ಷಣ.

ಇಂದು ಹೊಸದಾಗಿ ಕೊಳ್ಳುವವರ ಟಿಪ್ಪಣಿಯಲ್ಲಿ 12 ಜಿಬಿಗಿಂತ ಕಡಿಮೆ ಮೆಮೊರಿ ಇರಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ, ಹಗುರ ಆಟಗಳಿಗಾದರೆ 8 ಜಿಬಿ ಸಾಕು. ಆದರೆ ಅವುಗಳಿಗೆ ಹೊಸ ಕಾರ್ಡೇ ಬೇಕಿಲ್ಲ. ಈ ಲಕ್ಷಣಕ್ಕೆ ಯಾವ ಕಂಪನಿ ಒಗ್ಗಿದರೂ ಸರಿ. 2024ರ ಡಿಸೆಂಬರಿನಲ್ಲಿ ಇಂಟೆಲ್ 12 ಜಿಬಿಯ ಬಿ580 ಕಾರ್ಡನ್ನು 249 ಡಾಲರಿಗೆ ತಂದಿತು. ಆದರೆ ಹಳೆಯ ಪ್ರೊಸೆಸರಿನ ಜೊತೆ ಅದು ಸೊರಗುತ್ತದೆ, ಆದ್ದರಿಂದ ನಮ್ಮ 1060ರ ಯಂತ್ರಕ್ಕೆ ಹೊಂದದು. ಕೈಬದಲಾದ ಕಾರ್ಡುಗಳ ಪೇಟೆಯನ್ನು ಹೀಗಳೆಯುವುದೂ ಬೇಡ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ನಾಣ್ಯದ ಗಣಿಗಾರಿಕೆ ನಿಂತ ಮೇಲೆ ಅಲ್ಲಿ ಹಗಲಿರುಳು ದುಡಿದ ಕಾರ್ಡುಗಳು ಪೇಟೆಗೆ ಸುರಿದವು. ಎಚ್ಚರ ಬೇಕು, ಭಯ ಬೇಡ. ಬಿಲ್ಲು, ಉಳಿದಿರುವ ವಾರಂಟಿ, ಪೆಟ್ಟಿಗೆಯ ಮತ್ತು ಕಾರ್ಡಿನ ಕ್ರಮಸಂಖ್ಯೆ ತಾಳೆ ನೋಡಿ. ಎದುರಿಗೆ ಅರ್ಧ ಗಂಟೆ ಭಾರ ಹೊರಿಸಿ ಓಡಿಸಿ, ಶಾಖ ಮತ್ತು ಫ್ಯಾನಿನ ಸದ್ದು ಗಮನಿಸಿ. ಹೊಸದರ ಮೇಲೆ 18 ಶೇಕಡಾ ಜಿಎಸ್‌ಟಿ ತೆರುವ ದೇಶದಲ್ಲಿ ಒಳ್ಳೆಯ 12 ಜಿಬಿಯ ಹಳೆಯ 3060 ಒಂದು ಹೊಸ 8 ಜಿಬಿ ಕಾರ್ಡಿಗಿಂತ ಘನವಾದ ಖರೀದಿಯಾಗಬಲ್ಲದು. ವಿದ್ಯುತ್ತಿನ ಲೆಕ್ಕವೂ ಟಿಪ್ಪಣಿಯಲ್ಲಿರಲಿ. ಹಳೆಯದಕ್ಕಿಂತ 200 ವ್ಯಾಟ್ ಹೆಚ್ಚು ಬೇಡುವ ದೊಡ್ಡ ಕಾರ್ಡು ದಿನಕ್ಕೆ 3 ಗಂಟೆ ಓಡಿದರೆ ವರ್ಷಕ್ಕೆ 219 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 1,752 ರೂಪಾಯಿ. ಆ ಶಾಖವನ್ನು ಹೊರಹಾಕಲು ಚೆನ್ನೈನ ಮೇ ತಿಂಗಳಿನಲ್ಲಿ ಏಸಿ ತಿನ್ನುವ ಯೂನಿಟ್ಟುಗಳು ಬೇರೆ.

ಮಕ್ಕಳ ಓದಿಗೆ, ಕೃತಕ ಬುದ್ಧಿಮತ್ತೆ ಕಲಿಯಲಿಕ್ಕೆ ದೊಡ್ಡ ಕಾರ್ಡು ಬೇಕೆಂದು ತಂದೆತಾಯಂದಿರನ್ನು ಹೆದರಿಸುವ ಹೊಸ ವಾದವೊಂದು ಹುಟ್ಟಿದೆ. ಕಲಿಕೆಯ ಮೊದಲ ವರ್ಷಗಳಿಗೆ ಬೇಕಾದುದು ಗಣಿತ, ಪೈಥಾನ್ ಭಾಷೆ, ತಾಳ್ಮೆ. ಸಣ್ಣ ಪ್ರಯೋಗಗಳಿಗೆ ಗೂಗಲ್ ಕೊಲ್ಯಾಬಿನಂಥ ಕಡೆ ಮಿತಿಯೊಳಗೆ ಉಚಿತವಾಗಿ ದೂರದ ಕಾರ್ಡು ಸಿಗುತ್ತದೆ. ವಿಡಿಯೊ ಸಂಕಲನವನ್ನೋ ಬ್ಲೆಂಡರಿನ ಕೆಲಸವನ್ನೋ ಜೀವನೋಪಾಯ ಮಾಡಿಕೊಂಡವರಿಗೆ ಕಾರ್ಡು ಉಪಕರಣ. ಅವರ ಲೆಕ್ಕ ಬೇರೆ. ಆಟಕ್ಕೆ ಕೊಳ್ಳುವುದನ್ನು ಓದಿನ ಹೆಸರಿನಲ್ಲಿ ಕೊಳ್ಳಬೇಡಿ. ಆಟಕ್ಕೆಂದೇ ಕೊಳ್ಳಿ, ಧೈರ್ಯವಾಗಿ.

ಏಕೆಂದರೆ ಆಟವನ್ನು ದಂಡವೆನ್ನುವ ಹಿರಿಯರೊಂದಿಗೂ ನನಗೆ ಜಗಳವಿದೆ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಗಿನ ಕೆಲಸಕ್ಕೆ ತೂಕಡಿಸುತ್ತ ಹೋದವರ ಮೊಮ್ಮಕ್ಕಳು ನಾವು. ಬಿಡುವಿಗೆ ಬೆಲೆಯಿಲ್ಲ ಎಂದು ನಮಗೆ ಯಾರೂ ಕಲಿಸಲಿಲ್ಲ. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ಹೊರತಂದ 'ರಾಜಿ' ಆಟದಲ್ಲಿ ತಮ್ಮನನ್ನು ಹುಡುಕಿ ಹೊರಟ ಹುಡುಗಿಯೊಬ್ಬಳ ಕಥೆಯಿದೆ, ಪಹಾಡಿ ಚಿತ್ರಶೈಲಿಯ ಬಣ್ಣಗಳಿವೆ. ಅದರ ಚೆಲುವು ಬಂದದ್ದು ಕಲಾವಿದರ ಕೈಯಿಂದ. ದೊಂದಿಯ ಬೆಳಕು ಹೋಗಿ ಗ್ಯಾಸ್ ಲೈಟು ಬಂದಾಗ, ಅದೂ ಹೋಗಿ ವಿದ್ಯುದ್ದೀಪ ಬಂದಾಗ ರಂಗಸ್ಥಳ ಹೆಚ್ಚು ಬೆಳಗಿತು. ಅರ್ಥಧಾರಿಯ ಮಾತಿಗೆ ಅದರಿಂದ ಹೊಸ ಅರ್ಥವೇನೂ ಕೂಡಲಿಲ್ಲ. 'ಹೈ' ಮತ್ತು 'ಅಲ್ಟ್ರಾ' ಎಂಬ ಎರಡು ಗುಣಮಟ್ಟಗಳ ನಡುವೆ ಇರುವುದೂ ಬಹಳ ಸಲ ಇಷ್ಟೇ ವ್ಯತ್ಯಾಸ, ಮತ್ತು ಪೇಟೆ ನಮ್ಮಿಂದ ಹಣ ಕೀಳುವುದು ಆ ವ್ಯತ್ಯಾಸಕ್ಕೇ.

ಹಿರಿಯರೇ, ಮಕ್ಕಳ ಆಟವನ್ನು ಹಳಿಯುವ ಬದಲು ಅವರ ಟಿಪ್ಪಣಿಯನ್ನು ಕೇಳಿ ಓದಿ. ಕಿರಿಯರೇ, ಅದನ್ನು ಕನ್ನಡದಲ್ಲಿ ಬರೆಯಿರಿ. 'ಇದು ನನಗೆ ಏಕೆ ಬೇಕು' ಎಂಬ ವಾಕ್ಯವನ್ನು ಮನೆಮಾತಿನಲ್ಲಿ ಮುಗಿಸುವುದು ಇಂಗ್ಲಿಷಿನಲ್ಲಿ ಮುಗಿಸುವುದಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ಜಾಹೀರಾತಿನ ಪದಗಳು ಸಹಾಯಕ್ಕೆ ಬರುವುದಿಲ್ಲ. ಆ ವಾಕ್ಯ ಮುಗಿದರೆ ಪೇಟೆಗೆ ಹೋಗಿ, ಚೌಕಾಸಿ ಮಾಡಿ, ಸಂತೋಷವಾಗಿ ತನ್ನಿ. ಮುಗಿಯದಿದ್ದರೆ ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು ಧೂಳು ಕೊಡವಿ.